ಡಾಕ್ಟರಿಗೆ ಗೊತ್ತಿತ್ತು, ಸರ್ಕಾರಕ್ಕೂ ಗೊತ್ತಿತ್ತು. ಮಾತ್ರೆ ನುಂಗಿದವಳಿಗೆ ಯಾರೂ ಹೇಳಲಿಲ್ಲ

ಫಿಟ್ಸ್‌ಗೆ ಕೊಡುವ ಒಂದು ಮಾತ್ರೆಯ ಅಡ್ಡಪರಿಣಾಮದ ಬಗ್ಗೆ ಇಲ್ಲಿ ಯಾಕೆ ಬರೀಬೇಕು, ಅದನ್ನೆಲ್ಲ ಡಾಕ್ಟರ್ ನೋಡ್ಕೋತಾರಲ್ವಾ ಅಂತ ನಿಮಗೆ ಅನ್ನಿಸಬಹುದು. ಡಾಕ್ಟರ್ ಹೇಳ್ತಾರೆ ಅಂತ ಸರ್ಕಾರ, ಸರ್ಕಾರ ಹೇಳಿದಾಗ ನೋಡೋಣ ಅಂತ ಡಾಕ್ಟರ್, ಇಬ್ಬರಿಗೂ ಕಾಗದ ಕಳಿಸಿದ್ದೀವಲ್ಲ ಅಂತ ಕಂಪನಿ. ಫ್ರಾನ್ಸ್ ಮತ್ತು ಬ್ರಿಟನ್‌ನಲ್ಲಿ ನಾಲ್ಕು ದಶಕ ಕಳೆದದ್ದೇ ಹೀಗೆ. ಅಷ್ಟರಲ್ಲಿ ಸಾವಿರಾರು ಮಕ್ಕಳು ಬೆನ್ನುಹುರಿ, ಹೃದಯ, ಅಂಗುಳಿನ ತೊಂದರೆಗಳೊಂದಿಗೆ ಹುಟ್ಟಿದ್ದರು. ಇನ್ನೆಷ್ಟೋ ಮಕ್ಕಳಲ್ಲಿ ತೊಂದರೆ ಕಂಡದ್ದು ಶಾಲೆಗೆ ಸೇರಿದ ಮೇಲೆ.

ಆ ಮಾತ್ರೆಯ ಹೆಸರು ಸೋಡಿಯಂ ವಾಲ್‌ಪ್ರೊಯೇಟ್. ಫ್ರಾನ್ಸಿನಲ್ಲಿ ಡೆಪಾಕಿನ್, ಬ್ರಿಟನ್‌ನಲ್ಲಿ ಎಪಿಲಿಮ್. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ವಾಲ್ಪರಿನ್, ಎನ್‌ಕೋರೇಟ್ ಸೇರಿ ಹತ್ತಾರು ಹೆಸರು. ಡೈವಾಲ್‌ಪ್ರೊಯೆಕ್ಸ್ ಅಂತ ಬರೆದಿದ್ದರೂ ದೇಹದೊಳಗೆ ಹೋಗಿ ಆಗುವುದು ಇದೇ. ಫಿಟ್ಸ್‌ಗೆ ಮಾತ್ರವಲ್ಲ, ಬೈಪೋಲಾರ್ ಕಾಯಿಲೆಗೆ, ಕೆಲವೊಮ್ಮೆ ಮೈಗ್ರೇನ್‌ಗೂ ಕೊಡ್ತಾರೆ. ಹಾಗಾಗಿ 'ನಮ್ಮ ಮನೇಲಿ ಯಾರಿಗೂ ಫಿಟ್ಸ್ ಇಲ್ಲ' ಅನ್ನುವವರ ಮನೆಯ ಡಬ್ಬಿಯಲ್ಲೂ ಇದು ಇರಬಹುದು.

ಮುಂದೆ ಓದುವ ಮೊದಲು ಒಂದು ಮಾತು, ದಯವಿಟ್ಟು ಇದನ್ನು ಹಾರಿಸಬೇಡಿ. ಈ ಲೇಖನ ಓದಿ ಯಾರೂ ಮಾತ್ರೆ ನಿಲ್ಲಿಸಬಾರದು. ಫಿಟ್ಸ್ ಮಾತ್ರೆಯನ್ನು ದಿಢೀರ್ ಬಿಟ್ಟರೆ ಒಂದರ ಹಿಂದೆ ಒಂದು ನಿಲ್ಲದ ಹಾಗೆ ಫಿಟ್ಸ್ ಬಂದು ಪ್ರಾಣ ಹೋಗಬಹುದು. ಗರ್ಭಿಣಿಯಾಗಿದ್ದರೆ ಅಪಾಯ ಎರಡು ಜೀವಕ್ಕೆ. ಬದಲಾಯಿಸಬೇಕಿದ್ದರೆ ನರರೋಗ ತಜ್ಞರ ಜೊತೆ ಕೂತು, ನಿಧಾನವಾಗಿ ಬದಲಾಯಿಸಬೇಕು.

ಈ ಔಷಧ ಹುಟ್ಟಿದ್ದೇ ಒಂದು ಆಕಸ್ಮಿಕ. ವಾಲ್‌ಪ್ರೊಯಿಕ್ ಆಮ್ಲವನ್ನು 1882ರಲ್ಲೇ ಬರ್ಟನ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ತಯಾರಿಸಿದ್ದ. ಮುಂದಿನ 80 ವರ್ಷ ಅದು ಲ್ಯಾಬ್‌ಗಳಲ್ಲಿ ಬೇರೆ ವಸ್ತುಗಳನ್ನು ಕರಗಿಸುವ ದ್ರವವಾಗಿಯೇ ಉಳಿಯಿತು. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪಿಯರ್ ಎಮಾರ್ ಎಂಬ ಸಂಶೋಧಕ ಬೇರೆ ಯಾವುದೋ ರಾಸಾಯನಿಕಗಳನ್ನು ಇದರಲ್ಲಿ ಕರಗಿಸಿ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುತ್ತಿದ್ದರು. ಯಾವುದನ್ನು ಕೊಟ್ಟರೂ ಫಿಟ್ಸ್ ತಡೆಯುತ್ತಿತ್ತು. ಕೊನೆಗೆ ನೋಡಿದರೆ ಕೆಲಸ ಮಾಡುತ್ತಿದ್ದದ್ದು ಔಷಧವಲ್ಲ, ಅದನ್ನು ಕರಗಿಸಿದ್ದ ದ್ರವ! 1967ರಲ್ಲಿ ಡೆಪಾಕಿನ್ ಫ್ರಾನ್ಸಿನ ಮಾರುಕಟ್ಟೆಗೆ ಬಂತು.

ಮಿದುಳಿನಲ್ಲಿ ನರಕೋಶಗಳು ವಿದ್ಯುತ್ ಸಂಕೇತಗಳ ಮೂಲಕ ಮಾತಾಡಿಕೊಳ್ಳುತ್ತವೆ. ಒಂದಷ್ಟು ಕೋಶಗಳು ಒಟ್ಟಿಗೆ, ಅಂಕೆಯಿಲ್ಲದೆ ಸಂಕೇತ ಬಿಡತೊಡಗಿದರೆ ಅದೇ ಫಿಟ್ಸ್. ಎಂಜಿನಿಯರಿಂಗ್‌ನಲ್ಲಿ ನಾವು ಕಂಟ್ರೋಲ್ ಸಿಸ್ಟಮ್ಸ್ ಓದುವಾಗ ಅಂಕೆ ತಪ್ಪಿದ ಆಂದೋಲನಕ್ಕೆ ಡ್ಯಾಂಪಿಂಗ್ ಸೇರಿಸುವುದನ್ನು ಕಲಿತಿದ್ದೆವು. ಈ ಮಾತ್ರೆಗಳು ಮಾಡುವುದು ಹೆಚ್ಚುಕಡಿಮೆ ಅದನ್ನೇ. ತೊಂದರೆ ಏನೆಂದರೆ ಮಿದುಳಿನಲ್ಲಿ ಕೆಟ್ಟ ಸಂಕೇತಕ್ಕೊಂದು, ಒಳ್ಳೆಯ ಸಂಕೇತಕ್ಕೊಂದು ಅಂತ ಬೇರೆ ಬೇರೆ ತಂತಿ ಇಲ್ಲ. ಹಾಗಾಗಿ ಫಿಟ್ಸ್‌ನ ಬಹುತೇಕ ಎಲ್ಲ ಮಾತ್ರೆಗಳಿಗೂ ಮಂಪರು, ಮರೆವು, ತಲೆಸುತ್ತು ಜೊತೆಗೇ ಬರುತ್ತವೆ. ಅದರ ಮೇಲೆ ಒಂದೊಂದಕ್ಕೆ ಒಂದೊಂದು ಗುಣ. ಫೆನಿಟಾಯಿನ್ ವರ್ಷಗಟ್ಟಲೆ ತಿಂದರೆ ಒಸಡು ಊದಿಕೊಳ್ಳುತ್ತೆ, ಮೂಳೆ ಸವೆಯುತ್ತೆ. ಜೊತೆಗೆ ಅದರ ಲೆಕ್ಕ ನೇರ ಗೆರೆಯಲ್ಲಿ ಹೋಗುವುದಿಲ್ಲ. ಡೋಸ್ ಸ್ವಲ್ಪವೇ ಏರಿಸಿದರೂ ರಕ್ತದಲ್ಲಿ ಅದರ ಪ್ರಮಾಣ ಒಮ್ಮೆಲೇ ಜಿಗಿದು, ಮನುಷ್ಯ ಕುಡಿದವರ ಹಾಗೆ ತೂರಾಡಬಹುದು. ಕಾರ್ಬಮಜಪೈನ್‌ನಿಂದ ಕೆಲವರಿಗೆ ಚರ್ಮವೇ ಸುಲಿದುಬರುವ ಪ್ರಾಣಾಂತಿಕ ಪ್ರತಿಕ್ರಿಯೆ ಆಗುತ್ತೆ. ಇದಕ್ಕೂ ಒಂದು ವಂಶವಾಹಿಗೂ ನಂಟಿದೆ ಅಂತ 2004ರಲ್ಲಿ ತೈವಾನ್ ಸಂಶೋಧಕರು ತೋರಿಸಿದ ಮೇಲೆ, ಅಲ್ಲಿ ಮಾತ್ರೆ ಶುರು ಮಾಡುವ ಮುಂಚೆ ಮಾಡುವ ಜೀನ್ ಟೆಸ್ಟ್‌ಗೆ ಸರ್ಕಾರಿ ವಿಮೆಯೇ ದುಡ್ಡು ಕೊಡುತ್ತದೆ. ಇತ್ತೀಚೆಗೆ ಎಲ್ಲೆಡೆ ಬರೆಯುವ ಲೆವೆಟಿರಾಸಿಟಮ್‌ನಿಂದ ಕೆಲವರಲ್ಲಿ ವಿಪರೀತ ಸಿಟ್ಟು, ಖಿನ್ನತೆ ಬರುತ್ತದೆ. ಮದುವೆಯಾಗಿ ಬಂದ ಹೆಣ್ಣಿಗೆ ಈ ಮಾತ್ರೆ ಶುರುವಾಗಿದ್ದರೆ ಅದು ಔಷಧದ ಪರಿಣಾಮ ಅಂತ ಯಾರಿಗೆ ಹೊಳೆಯುತ್ತೆ ಹೇಳಿ? 'ಸೊಸೆಗೆ ಮೂಗಿನ ತುದೀಲಿ ಕೋಪ' ಅಂತ ತೀರ್ಪು ಬಂದಾಗಿರುತ್ತೆ.

ಇವುಗಳ ನಡುವೆ ವಾಲ್‌ಪ್ರೊಯೇಟ್ ಹೆಸರು ಒಳ್ಳೆಯದೇ ಇತ್ತು. ತೂಕ ಹೆಚ್ಚುವುದು, ಕೂದಲು ಉದುರುವುದು, ಕೈ ನಡುಗುವುದು, ತೀರಾ ಚಿಕ್ಕ ಮಕ್ಕಳಲ್ಲಿ ಲಿವರ್ ಕೆಡುವ ಅಪಾಯ ಇದ್ದರೂ ಹಲವು ಬಗೆಯ ಫಿಟ್ಸ್‌ಗೆ ಇದು ಚೆನ್ನಾಗಿ ನಾಟುತ್ತಿತ್ತು.

1982ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಹುಟ್ಟುನ್ಯೂನತೆಗಳ ದಾಖಲಾತಿ ನೋಡಿಕೊಳ್ಳುತ್ತಿದ್ದ ವೈದ್ಯೆ ಎಲಿಜಬೆತ್ ರಾಬರ್ಟ್ ಒಂದು ವಿಷಯ ಗಮನಿಸಿದರು. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದ ಮಕ್ಕಳ ತಾಯಂದಿರಲ್ಲಿ ವಾಲ್‌ಪ್ರೊಯೇಟ್ ತೆಗೆದುಕೊಂಡವರು ಅನುಮಾನ ಬರುವಷ್ಟು ಹೆಚ್ಚಿದ್ದರು. ಇದು ಅದೇ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂದರೆ ಜಗತ್ತಿನ ವೈದ್ಯರೆಲ್ಲ ಓದುವ ಪತ್ರಿಕೆಯಲ್ಲಿ, 40 ವರ್ಷಕ್ಕೂ ಹಿಂದೆ.

ಆಮೇಲಿನ ಸಂಶೋಧನೆಗಳು ಚಿತ್ರವನ್ನು ಸ್ಪಷ್ಟ ಮಾಡುತ್ತಾ ಹೋದವು. ಸಾಮಾನ್ಯವಾಗಿ 100 ಮಕ್ಕಳಲ್ಲಿ 2-3 ಮಕ್ಕಳಿಗೆ ದೊಡ್ಡ ಹುಟ್ಟುನ್ಯೂನತೆ ಇರುತ್ತದೆ. ಹಲವು ದೇಶಗಳ ಗರ್ಭಿಣಿಯರನ್ನು ಗಮನಿಸಿದ 'ಯುರ್ಯಾಪ್' ದಾಖಲಾತಿಯ 2018ರ ವರದಿ ಪ್ರಕಾರ ವಾಲ್‌ಪ್ರೊಯೇಟ್ ತೆಗೆದುಕೊಂಡವರಲ್ಲಿ ಇದು 100ಕ್ಕೆ 10ಕ್ಕಿಂತ ತುಸು ಹೆಚ್ಚು, ಲ್ಯಾಮೊಟ್ರಿಜಿನ್ ಮತ್ತು ಲೆವೆಟಿರಾಸಿಟಮ್‌ನಲ್ಲಿ 100ಕ್ಕೆ 3ರ ಆಸುಪಾಸು. ಡೋಸ್ ಏರಿದಷ್ಟೂ ವಾಲ್‌ಪ್ರೊಯೇಟ್‌ನ ಅಪಾಯ ಏರುತ್ತದೆ. ಕಣ್ಣಿಗೆ ಕಾಣದ ಇನ್ನೊಂದು ಹಾನಿಯೂ ಇದೆ. ಈ ಮಕ್ಕಳಲ್ಲಿ 100ಕ್ಕೆ 30ರಿಂದ 40 ಮಕ್ಕಳಿಗೆ ಮಾತು, ನೆನಪು, ಕಲಿಕೆ, ನಡವಳಿಕೆಯ ತೊಂದರೆಗಳು ಬರಬಹುದು ಎಂಬುದು ಯುರೋಪಿನ ಔಷಧ ನಿಯಂತ್ರಕರ ಅಂದಾಜು. 2013ರಲ್ಲಿ ಡೆನ್ಮಾರ್ಕ್‌ನ ದೊಡ್ಡ ಅಧ್ಯಯನವೊಂದು ಆಟಿಸಂ ಜೊತೆಗಿನ ನಂಟನ್ನೂ ತೋರಿಸಿತು.

ನಮ್ಮ ಪಕ್ಕದ ರಾಜ್ಯದ ಹೆಸರೂ ಈ ಕಥೆಯಲ್ಲಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ 1998ರಿಂದ ಮೂರ್ಛೆರೋಗ ಇರುವ ಗರ್ಭಿಣಿಯರ ದಾಖಲಾತಿ ಇಟ್ಟುಕೊಂಡು ಬಂದಿದೆ. ಅಲ್ಲಿ ಕಂಡದ್ದೂ ಇದೇ: ವಾಲ್‌ಪ್ರೊಯೇಟ್‌ನ ಅಪಾಯ ಹೆಚ್ಚು, ಡೋಸ್ ಜೊತೆ ಅದೂ ಏರುತ್ತದೆ. 'ಅದು ಬಿಳಿಯರ ದೇಹದ ವಿಷಯ, ನಮಗೆ ಅನ್ವಯಿಸಲ್ಲ' ಅಂತ ಜಾರಿಕೊಳ್ಳುವ ಹಾಗಿಲ್ಲ.

ವಿಜ್ಞಾನಿಗಳಿಗೆ ಗೊತ್ತಿತ್ತು ಸರಿ, ಮಾತ್ರೆ ನುಂಗುವವರಿಗೆ? ಬ್ರಿಟನ್‌ನ ಹಳೆಯ ಸರ್ಕಾರಿ ಕಡತಗಳಲ್ಲಿ 1970ರ ದಶಕದ ದಾಖಲೆಗಳು ಸಿಕ್ಕಿವೆ. ಫಿಟ್ಸ್ ಮಾತ್ರೆಗಳಿಂದ ಭ್ರೂಣಕ್ಕೆ ಹಾನಿ ಆಗಬಹುದು ಎಂಬ ಎಚ್ಚರಿಕೆಯನ್ನು ಡಾಕ್ಟರಿಗೆ ಕೊಡೋಣ, ರೋಗಿಯ ಕೈಗೆ ಸಿಗುವ ಚೀಟಿಯಲ್ಲಿ ಹಾಕೋದು ಬೇಡ ಅಂತ ಆಗಿನ ಔಷಧ ಸುರಕ್ಷತಾ ಸಮಿತಿಯ ಮಟ್ಟದಲ್ಲಿ ಮಾತಾಗಿತ್ತು. ಸುಮ್ಮನೆ ಗಾಬರಿ ಯಾಕೆ ಹುಟ್ಟಿಸಬೇಕು ಅನ್ನುವುದು ವಾದ. ಹೆಣ್ಣುಮಕ್ಕಳಿಗೆ 'ನಿನಗ್ಯಾಕೆ ಅದೆಲ್ಲ' ಅನ್ನುವ ಮಾತು ನಮ್ಮ ಮನೆಗಳದ್ದಷ್ಟೇ ಅಲ್ಲ, ಲಂಡನ್ನಿನ ಕಡತಗಳದ್ದೂ ಹೌದು.

ಈ ಮೌನ ಮುರಿದದ್ದು ತಾಯಂದಿರೇ. ಫ್ರಾನ್ಸಿನ ಮರೀನ್ ಮಾರ್ತಾಂ ಎರಡೂ ಬಸಿರಿನಲ್ಲಿ ಡೆಪಾಕಿನ್ ತೆಗೆದುಕೊಂಡಿದ್ದರು. ಇಬ್ಬರು ಮಕ್ಕಳಿಗೂ ತೊಂದರೆಯಾಯಿತು. 2011ರಲ್ಲಿ ಅವರು 'ಅಪೆಸಾಕ್' ಎಂಬ ಸಂಘ ಕಟ್ಟಿ ಇಂಥದೇ ಕುಟುಂಬಗಳನ್ನು ಒಟ್ಟುಗೂಡಿಸಿದರು. ಅದರ ಬೆನ್ನಿಗೆ ಸರ್ಕಾರಿ ತನಿಖೆಗಳಾದವು. 1967ರಿಂದ 2016ರ ನಡುವೆ 2,150ರಿಂದ 4,100 ಮಕ್ಕಳು ಈ ಔಷಧದ ಕಾರಣಕ್ಕೆ ದೊಡ್ಡ ಹುಟ್ಟುನ್ಯೂನತೆಯೊಂದಿಗೆ ಹುಟ್ಟಿರಬಹುದು ಅಂತ ಫ್ರಾನ್ಸಿನ ಔಷಧ ನಿಯಂತ್ರಕರೇ 2017ರಲ್ಲಿ ಅಂದಾಜಿಸಿದರು. ಪರಿಹಾರ ನಿಧಿ ಬಂತು. 2020ರಲ್ಲಿ ಸನೋಫಿ ಕಂಪನಿಯ ಜೊತೆಗೆ ಔಷಧ ನಿಯಂತ್ರಣ ಸಂಸ್ಥೆಯ ಮೇಲೂ ಕ್ರಿಮಿನಲ್ ತನಿಖೆಯಲ್ಲಿ ಆರೋಪ ದಾಖಲಾಯಿತು. 2022ರ ಜನವರಿಯಲ್ಲಿ ಪ್ಯಾರಿಸ್ ನ್ಯಾಯಾಲಯ, ಕಂಪನಿ ಎಚ್ಚರ ವಹಿಸುವ ಮತ್ತು ಮಾಹಿತಿ ಕೊಡುವ ಕರ್ತವ್ಯದಲ್ಲಿ ತಪ್ಪಿದೆ ಎಂದಿತು. ಕಂಪನಿ ಇದನ್ನು ಒಪ್ಪಿಲ್ಲ. ನಾವು ಅಧಿಕಾರಿಗಳಿಗೆ ಕಾಲಕಾಲಕ್ಕೆ ತಿಳಿಸಿದ್ದೆವು ಎಂಬುದು ಅದರ ವಾದ.

ಬ್ರಿಟನ್‌ನಲ್ಲೂ ಜಾನೆಟ್ ವಿಲಿಯಮ್ಸ್ ಮತ್ತು ಎಮ್ಮಾ ಮರ್ಫಿ ಎಂಬ ಇಬ್ಬರು ತಾಯಂದಿರು 2012ರಿಂದ ಹೋರಾಡಿದರು. 2020ರಲ್ಲಿ ಬ್ಯಾರನೆಸ್ ಕಂಬರ್‌ಲೆಜ್ ಕೊಟ್ಟ ತನಿಖಾ ವರದಿ, ಹೆಣ್ಣುಮಕ್ಕಳು ಹೇಳಿದ್ದನ್ನು ಆರೋಗ್ಯ ವ್ಯವಸ್ಥೆ ಕೇಳಿಸಿಕೊಳ್ಳಲೇ ಇಲ್ಲ ಎಂದು ಹೆಚ್ಚುಕಡಿಮೆ ನೇರವಾಗಿಯೇ ಬರೆಯಿತು. ಆ ಹೊತ್ತಿಗೆ ಅಲ್ಲಿ ಡಬ್ಬಿಯ ಮೇಲೆ ಎಚ್ಚರಿಕೆ, ಕೈಪಿಡಿ, ಕಾರ್ಡ್ ಎಲ್ಲ ಬಂದಿದ್ದವು. ಆದರೂ 2017ರಲ್ಲಿ ಅಲ್ಲಿನ ಮೂರ್ಛೆರೋಗ ಸಂಸ್ಥೆಗಳ ಸಮೀಕ್ಷೆಯಲ್ಲಿ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಅಪಾಯವೇ ಗೊತ್ತಿರಲಿಲ್ಲ. ಒಂದು ಕಾರಣ ತೀರಾ ಸಾದಾ. ಔಷಧ ಅಂಗಡಿಯವರು ದೊಡ್ಡ ಡಬ್ಬಿ ಬಿಚ್ಚಿ, ಬೇಕಾದಷ್ಟು ಮಾತ್ರೆಯನ್ನು ಬಿಳಿ ಡಬ್ಬಿಗೆ ಹಾಕಿ ಕೊಡುತ್ತಿದ್ದರು. ಎಚ್ಚರಿಕೆಯ ಚೀಟಿ ಅಂಗಡಿಯಲ್ಲೇ ಉಳಿಯುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಕಾನೂನನ್ನೇ ಬದಲಾಯಿಸಿ, ವಾಲ್‌ಪ್ರೊಯೇಟ್ ಅನ್ನು ಕಂಪನಿಯ ಪೂರ್ತಿ ಡಬ್ಬಿಯಲ್ಲೇ ಕೊಡಬೇಕು ಎಂದು ಮಾಡಿದರು.

ಈಗ ನಿಮ್ಮ ಊರಿನ ಮೆಡಿಕಲ್ ಶಾಪ್ ನೆನಪಿಸಿಕೊಳ್ಳಿ. 'ಅಣ್ಣಾ, ಐದು ದಿನದ್ದು ಕೊಡಿ ಸಾಕು' ಅಂದರೆ ಕತ್ತರಿ ತೆಗೆದುಕೊಂಡು ಸ್ಟ್ರಿಪ್ ಅನ್ನು ಅರ್ಧಕ್ಕೆ ಕತ್ತರಿಸಿ ಕವರಿಗೆ ಹಾಕುತ್ತಾರೆ. ಹೆಸರು ಒಂದು ತುಂಡಿನಲ್ಲಿ, ಅವಧಿ ಮುಗಿಯುವ ತಾರೀಖು ಇನ್ನೊಂದು ತುಂಡಿನಲ್ಲಿ. ಅಕ್ಷರ ಇರುವೆಯಷ್ಟು, ಭಾಷೆ ಇಂಗ್ಲಿಷ್. ದಿನಗೂಲಿಯವರು ಐದೈದು ದಿನದ ಮಾತ್ರೆ ಕೊಳ್ಳುವುದು ಬಡತನದಿಂದ, ಅದನ್ನು ತಪ್ಪೆನ್ನಲಾಗದು. ಆದರೆ ಚೀಟಿಯಲ್ಲಿ ಬರೆದರೆ ಮಾಹಿತಿ ಕೊಟ್ಟಂತಾಯಿತು ಅನ್ನುವ ಲೆಕ್ಕಾಚಾರ ಇಲ್ಲಿ ಚೀಟಿಯೇ ಇಲ್ಲದೆ ಬಿದ್ದುಹೋಗುತ್ತದೆ.

ಭಾರತದಲ್ಲಿ ಮೂರ್ಛೆರೋಗ ಇರುವವರು ಒಂದು ಕೋಟಿಗೂ ಹೆಚ್ಚು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಾವಿರಕ್ಕೆ ಸುಮಾರು 9 ಜನರಿಗೆ ಈ ಕಾಯಿಲೆ ಇತ್ತು. ಹಳ್ಳಿಯಲ್ಲಿ ಅದು ನಗರದ ಎರಡು ಪಟ್ಟು. ನರರೋಗ ತಜ್ಞರು ಇರುವುದು ನಗರದಲ್ಲಿ, ಕಾಯಿಲೆ ಹೆಚ್ಚಿರುವುದು ಹಳ್ಳಿಯಲ್ಲಿ. ಹಾಗಾಗಿ ಒಬ್ಬ ತಜ್ಞರು ಒಮ್ಮೆ ಬರೆದುಕೊಟ್ಟ ಚೀಟಿ ಮಡಿಕೆ ಮಡಿಕೆಯಾಗಿ, ಹರಿದು, ಟೇಪ್ ಹಚ್ಚಿಕೊಂಡು ವರ್ಷಗಟ್ಟಲೆ ಓಡುತ್ತದೆ. 15ನೇ ವಯಸ್ಸಿನಲ್ಲಿ ಬರೆದ ಮಾತ್ರೆ 23ನೇ ವಯಸ್ಸಿನಲ್ಲಿ ಮದುವೆಯಾದಾಗಲೂ ಅದೇ, ಅಷ್ಟೇ ಡೋಸ್.

ಇಲ್ಲಿ ಸಮಯದ ಲೆಕ್ಕ ಮುಖ್ಯ. ಭ್ರೂಣದ ನರಕೊಳವೆ, ಅಂದರೆ ಮುಂದೆ ಮಿದುಳು ಮತ್ತು ಬೆನ್ನುಹುರಿ ಆಗುವ ಭಾಗ, ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಆಗ ಮುಟ್ಟು ತಪ್ಪಿ ಎರಡು ವಾರ ಆಗಿರುತ್ತದೆ, ಅಷ್ಟೇ. ಆಶಾ ಕಾರ್ಯಕರ್ತೆ ಮನೆಗೆ ಬಂದು ತಾಯಿ ಕಾರ್ಡ್ ಮಾಡಿಸಿ, ಕಬ್ಬಿಣದ ಮಾತ್ರೆ ಕೊಟ್ಟು, ಡಾಕ್ಟರ್ ಹತ್ತಿರ ಕರೆದೊಯ್ಯುವ ಹೊತ್ತಿಗೆ ಅತಿ ಅಪಾಯದ ದಿನಗಳು ಮುಗಿದಿರುತ್ತವೆ. ಮಾತ್ರೆ ಬದಲಾಯಿಸಲಿಕ್ಕೂ ತಿಂಗಳುಗಳೇ ಬೇಕು. ಲ್ಯಾಮೊಟ್ರಿಜಿನ್ ಅನ್ನು ಅವಸರದಲ್ಲಿ ಏರಿಸಿದರೆ ಮೈಮೇಲೆ ಅಪಾಯಕಾರಿ ದದ್ದು ಏಳುತ್ತದೆ. ಅಂದರೆ ಈ ಮಾತು ಗರ್ಭಿಣಿಯ ಜೊತೆ ಆಡುವ ಮಾತಲ್ಲ. ಹೈಸ್ಕೂಲಿನ ಹುಡುಗಿಯ ಜೊತೆ, ಅವಳ ಅಮ್ಮನ ಜೊತೆ ಆಡಬೇಕಾದ ಮಾತು.

ನಮ್ಮಲ್ಲಿ ಅದು ಆಗದಿರಲು ಮದುವೆಯೇ ಕಾರಣ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗ ಇರುವವರ ಮದುವೆಯನ್ನು ರದ್ದುಪಡಿಸಲು ಅವಕಾಶ ಇತ್ತು. ಆ ಪದವನ್ನು ತೆಗೆದುಹಾಕಿದ್ದು 1999ರಲ್ಲಿ. ಕಾನೂನಿಂದ ಹೋಯಿತು, ಹೆಣ್ಣು ನೋಡುವ ಶಾಸ್ತ್ರದಿಂದ ಹೋಗಿಲ್ಲ. ಮಾತ್ರೆಯನ್ನು ಬೇರೆ ಡಬ್ಬಿಗೆ ತುಂಬಿ 'ವಿಟಮಿನ್' ಅಂತ ಹೇಳುವವರು, ಮದುವೆಯ ವಾರದಲ್ಲಿ ಪೂರ್ತಿ ನಿಲ್ಲಿಸುವವರು ಇದ್ದಾರೆ. ಗಂಡನಿಗೇ ಗೊತ್ತಿಲ್ಲದ ಮಾತ್ರೆಯ ಬಗ್ಗೆ ಡಾಕ್ಟರ್ ಹತ್ತಿರ, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಹೇಗೆ ಕೇಳುತ್ತಾಳೆ?

ಇನ್ನೊಂದು ವಿಪರ್ಯಾಸ ಇದೆ, ಇದು ಸರ್ಕಾರವೇ ಸೃಷ್ಟಿಸಿದ್ದು. ಫೆನಿಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಜಪೈನ್ ಈ ಮೂರೂ ಲಿವರ್‌ನ ಕೆಲಸವನ್ನು ಚುರುಕುಗೊಳಿಸಿ, ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಒಂದು ಕೌಂಟರ್‌ನಲ್ಲಿ ಫೆನಿಟಾಯಿನ್, ಇನ್ನೊಂದರಲ್ಲಿ ಪುಕ್ಕಟೆ ಮಾಲಾ-ಎನ್ ಸಿಕ್ಕರೆ ಎರಡನೆಯದರ ಮೇಲೆ ಭರವಸೆ ಇಡುವ ಹಾಗಿಲ್ಲ. ವಾಲ್‌ಪ್ರೊಯೇಟ್‌ಗೆ ಈ ಸಮಸ್ಯೆ ಇಲ್ಲ. ಕಾಪರ್-ಟಿ ಈ ಯಾವ ಮಾತ್ರೆಯಿಂದಲೂ ಕೆಡುವುದಿಲ್ಲ. ಎರಡು ಸಾಲಿನ ಮಾಹಿತಿ ಇದು, ಗೋಡೆಯ ಮೇಲೆ ಬರೆಯಬಹುದಾದಷ್ಟು.

ಹಾಗಾದರೆ ಹೆಣ್ಣುಮಕ್ಕಳಿಗೆ ವಾಲ್‌ಪ್ರೊಯೇಟ್ ನಿಷೇಧಿಸಿಬಿಡೋಣವೇ? ಅಷ್ಟು ಸುಲಭವಿಲ್ಲ. ಹದಿಹರೆಯದಲ್ಲಿ ಶುರುವಾಗುವ, ಬೆಳಗ್ಗೆ ಎದ್ದ ತಕ್ಷಣ ಕೈ ಜಗ್ಗಿ ಲೋಟ ಜಾರಿ ಬೀಳುವಂಥ ಒಂದು ಬಗೆಯ ಮೂರ್ಛೆರೋಗ ಇದೆ. ಇಂಥ ಫಿಟ್ಸ್‌ಗೆ ವಾಲ್‌ಪ್ರೊಯೇಟ್ ಕೆಲಸ ಮಾಡಿದಷ್ಟು ಬೇರೆ ಮಾತ್ರೆಗಳು ಮಾಡುವುದಿಲ್ಲ ಅಂತ 2021ರಲ್ಲಿ ಬ್ರಿಟನ್‌ನ ದೊಡ್ಡ ಪ್ರಯೋಗವೊಂದು ಮತ್ತೆ ತೋರಿಸಿತು. ಹತೋಟಿಗೆ ಬಾರದ ಫಿಟ್ಸ್ ಕೂಡ ಕೊಲ್ಲುತ್ತದೆ. ಬೇರೆಲ್ಲ ಮಾತ್ರೆ ಸೋತಾಗ, ಅಪಾಯ ಗೊತ್ತಿದ್ದೂ ಇದನ್ನೇ ಆರಿಸಿಕೊಳ್ಳುವ ಹೆಣ್ಣುಮಕ್ಕಳಿದ್ದಾರೆ. ಅದು ಅವರ ಹಕ್ಕು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಗರ್ಭಧರಿಸಬಲ್ಲ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಬರೆಯಬಾರದು ಎಂದು ಹೇಳಿತು. ಬ್ರಿಟನ್ 2018ರಲ್ಲೇ, ಗರ್ಭನಿರೋಧಕ ಬಳಸುವುದಾಗಿ ಸಹಿ ಹಾಕಿದರೆ ಮಾತ್ರ ಅಂತ ನಿಯಮ ಮಾಡಿತು. 2024ರಿಂದ 55 ವರ್ಷದೊಳಗಿನ ಗಂಡಸರಿಗಾಗಲಿ ಹೆಂಗಸರಿಗಾಗಲಿ ಹೊಸದಾಗಿ ಶುರು ಮಾಡಲು ಇಬ್ಬರು ತಜ್ಞರು ಒಪ್ಪಬೇಕು. ಗಂಡಸರು ಯಾಕೆ ಅಂದರೆ, ಗರ್ಭ ಕಟ್ಟುವ ಮುಂಚಿನ ಮೂರು ತಿಂಗಳಲ್ಲಿ ಅಪ್ಪ ಈ ಮಾತ್ರೆ ತೆಗೆದುಕೊಂಡಿದ್ದರೂ ಮಗುವಿನ ಬೆಳವಣಿಗೆಗೆ ಸ್ವಲ್ಪ ಅಪಾಯ ಇರಬಹುದು ಎಂಬ ಒಂದು ಅಧ್ಯಯನ ಬಂತು. ಡೆನ್ಮಾರ್ಕ್‌ನ ಇನ್ನೊಂದು ಅಧ್ಯಯನಕ್ಕೆ ಅಂಥದ್ದು ಕಾಣಲಿಲ್ಲ. ಇದರ ಚರ್ಚೆ ಇನ್ನೂ ನಡೆಯುತ್ತಿದೆ.

ಬ್ರಿಟನ್‌ನ ಸಹಿಯ ನಿಯಮವನ್ನು ಹಾಗೇ ಇಲ್ಲಿಗೆ ತರುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಹೆಣ್ಣಿನ ಒಪ್ಪಿಗೆ ಪತ್ರಕ್ಕೆ ಗಂಡನೋ ಅಪ್ಪನೋ ಸಹಿ ಹಾಕುವ ರೂಢಿ ಹೇಗಿದೆ ಅಂತ ಗೊತ್ತಿದ್ದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಡಾಕ್ಟರ್ ತಮ್ಮನ್ನು ಕಾಪಾಡಿಕೊಳ್ಳುವ ಇನ್ನೊಂದು ಕಾಗದ ಆಗಿಬಿಡುತ್ತದೆ. ಬೇಕಿರುವುದು ಅದಕ್ಕಿಂತ ಸಣ್ಣದು, ಆದರೆ ಕಷ್ಟದ್ದು: ವರ್ಷಕ್ಕೊಮ್ಮೆ, ಹೆಣ್ಣುಮಗಳೊಬ್ಬಳನ್ನೇ ಕೂರಿಸಿಕೊಂಡು, ಕನ್ನಡದಲ್ಲಿ ಹತ್ತು ನಿಮಿಷ ಮಾತು.

ಇದಕ್ಕೆ ಕರ್ನಾಟಕದಲ್ಲಿ ಜಾಗ ಇಲ್ಲದೇ ಇಲ್ಲ. ಇವತ್ತು ದೇಶದಾದ್ಯಂತ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗದಿಂದ. ಹಳ್ಳಿಯ ಮೂರ್ಛೆರೋಗಿಗಳಿಗೆ ಕಡಿಮೆ ಬೆಲೆಯ ಮಾತ್ರೆ ತಲುಪಿಸಬಹುದು ಅಂತ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ ಮಾಡಿ ತೋರಿಸಿ, 2001ರಲ್ಲಿ ಅದನ್ನು ಪ್ರಕಟಿಸಿದ್ದರು. 2022ರಲ್ಲಿ ಶುರುವಾದ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯಲ್ಲಿ ಪಾರ್ಶ್ವವಾಯು, ಮರೆವಿನ ಕಾಯಿಲೆಗಳ ಜೊತೆ ಮೂರ್ಛೆರೋಗವೂ ಇದೆ. ಈ ಕ್ಲಿನಿಕ್‌ಗಳಿಗೆ ಬರುವ, ವಾಲ್‌ಪ್ರೊಯೇಟ್ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಎಷ್ಟು? ಅವರಲ್ಲಿ ಎಷ್ಟು ಜನರಿಗೆ ಅಪಾಯ ಹೇಳಲಾಗಿದೆ? ನಿಮ್ಮ ಜಿಲ್ಲಾ ಆರೋಗ್ಯಾಧಿಕಾರಿಗೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದಾದ ಪ್ರಶ್ನೆಗಳು ಇವು. ಅರ್ಜಿಗೆ 10 ರೂಪಾಯಿ ಖರ್ಚು.

ನೀವೇ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಸ್ಟ್ರಿಪ್ ಜೊತೆಗಿರಲಿ. ನನ್ನ ಬಗೆಯ ಫಿಟ್ಸ್‌ಗೆ ಬೇರೆ ಮಾತ್ರೆ ಆಗುತ್ತದಾ, ಇದೇ ಬೇಕಿದ್ದರೆ ಡೋಸ್ ಎಷ್ಟು ಇಳಿಸಬಹುದು, ಫೋಲಿಕ್ ಆಸಿಡ್ ಯಾವಾಗಿಂದ ಶುರು ಮಾಡಲಿ ಅಂತ ಕೇಳಿ. ಆಗಲೇ ಗರ್ಭಿಣಿಯಾಗಿದ್ದರೆ ಮಾತ್ರೆ ಬಿಡದೆ, ಆ ವಾರವೇ ಹೋಗಿ.

ಮಾತ್ರೆಯಿಂದ ತೊಂದರೆಯಾಗಿದೆ ಅನ್ನಿಸಿದರೆ ಅದನ್ನು ದಾಖಲಿಸಲು ಡಾಕ್ಟರ್ ಸಹಿ ಬೇಕಿಲ್ಲ. 2010ರಿಂದ ನಡೆಯುತ್ತಿರುವ ಕೇಂದ್ರದ ಔಷಧ ನಿಗಾ ಕಾರ್ಯಕ್ರಮಕ್ಕೆ ರೋಗಿಯೇ ನೇರವಾಗಿ ದೂರು ಕೊಡಬಹುದು. 1800-180-3024, ಪುಕ್ಕಟೆ ಕರೆ. ಮಾತ್ರೆಯ ಹೆಸರು, ಡೋಸ್, ಶುರು ಮಾಡಿದ ತಾರೀಖು, ಏನಾಯಿತು ಇಷ್ಟನ್ನು ಬರೆದಿಟ್ಟುಕೊಂಡು ಫೋನ್ ಮಾಡಿ. ಅಂಗಡಿಯವರಿಗೂ ಮೊದಲೇ ಒಂದು ಮಾತು ಹೇಳಿಡಿ: ಸ್ಟ್ರಿಪ್ ಕತ್ತರಿಸುವುದಾದರೆ ಹೆಸರು ಇರುವ ತುಂಡು ನನಗೇ ಕೊಡಿ ಅಂತ.